ಸಹಾಯ ಬೇಕು: ಜಪಾನಿನಿಂದ ತಂದ ಮಾದರಿ ರೈಲು ಬೆಂಗಳೂರಲ್ಲಿ ಓಡಿಸಬೇಕು

ಎಲ್ಲರಿಗೂ ನಮಸ್ಕಾರ. ವಿದೇಶದಲ್ಲಿ ಯಾವ ರೈಲು ಹತ್ತಿದ್ವೋ ಅದರದ್ದೇ ಪುಟ್ಟ ಮಾದರಿ ಕೊಂಡು ತರೋದು ನಮ್ಮನೆ ರೂಢಿ. ಬೆಲೆ ಜಾಸ್ತಿ ನಿಜ, ಆದರೆ ಬೇರೆ ಯಾವ ನೆನಪಿನ ಕಾಣಿಕೆಯೂ ನನಗೆ ಇಷ್ಟು ಖುಷಿ ಕೊಟ್ಟಿಲ್ಲ.

ಈ ಸಲ ಟೋಕಿಯೋದಿಂದ ಕ್ಯೋಟೋಗೆ ಹೋದ ಎನ್700ಎಸ್ ಶಿಂಕಾನ್‌ಸೆನ್ ಬುಲೆಟ್ ರೈಲಿನ ಮಾದರಿ ಬಂದಿದೆ. ಕಾಟೋ ಕಂಪನಿಯದು, ಎನ್ ಗೇಜ್, ಅಳತೆ 1:160, ಅಂದರೆ ನಿಜವಾದ ರೈಲಿನ 160ರಲ್ಲಿ ಒಂದು ಪಾಲು. ಎನ್ ಗೇಜ್ ಅಂದರೆ ಹಳಿಗಳ ನಡುವೆ ಬರೀ 9 ಮಿ.ಮೀ.! ಬಿಳಿ ಮೈಮೇಲಿನ ನೀಲಿ ಪಟ್ಟಿ, ಸಾಲು ಕಿಟಕಿ, ಉದ್ದನೆಯ ಮೂತಿ ಎಲ್ಲ ಅಚ್ಚುಕಟ್ಟು. ಅಪ್ಪ ಅದನ್ನು ಕೈಯಿಂದ ಇಳಿಸ್ತಾನೇ ಇಲ್ಲ.

ತೊಂದರೆ ಕರೆಂಟಿಂದು. ಹಳಿಗೆ ಕರೆಂಟ್ ಕೊಟ್ಟು ರೈಲಿನ ವೇಗ ಹೆಚ್ಚು ಕಡಿಮೆ ಮಾಡೋಕೆ ಜೊತೆಗೆ ತಂದ ಕಂಟ್ರೋಲರ್ ಜಪಾನಿನ 100 ವೋಲ್ಟಿಗೆ ಮಾಡಿದ್ದು, ನಮ್ಮಲ್ಲಿ 230. ಪ್ಲಗ್ ಪಿನ್ ಬದಲಿಸಿದರೆ ಸಾಲದು. ಎಸ್.ಪಿ. ರೋಡಲ್ಲಿ 230 ವೋಲ್ಟನ್ನು 100ಕ್ಕೆ ಇಳಿಸೋ ನಂಬಿಕೆಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಎಲ್ಲಿ ಸಿಗುತ್ತೆ? ಇಲ್ಲಾ, ಹಳಿಗೆ ಬೇಕಿರೋದು ಹೆಚ್ಚೆಂದರೆ 12 ವೋಲ್ಟ್ ಡಿಸಿ ತಾನೇ, ಇಲ್ಲೇ ಕಂಟ್ರೋಲರ್ ಮಾಡಿಕೊಡೋರು ಇದ್ದಾರಾ?

ಇನ್ನೊಂದು ವಿಷಯ. ಮುಂದೆ ಸ್ವಿಟ್ಜರ್ಲೆಂಡಿನ ಬರ್ನಿನಾ ಮಾರ್ಗದ ಕೆಂಪು ರೈಲಿನ ಆಸೆ ಇದೆ. ಬೆಮೋ ಕಂಪನಿಯವರ 1:87 ಮಾದರಿ ನೋಡೋಕೆ ಬಲು ಚೆಂದ, ಆದರೆ ಅದಕ್ಕೆ 12 ಮಿ.ಮೀ. ಹಳಿ ಬೇಕು. ಅದೇ ರೈಲಿನ ಕಾಟೋ ಮಾದರಿ ಈಗಿರೋ 9 ಮಿ.ಮೀ. ಹಳಿ ಮೇಲೇ ಓಡುತ್ತೆ, ಹಾಗಾಗಿ ನನ್ನ ಮನಸ್ಸು ಅದರ ಕಡೆಗಿದೆ. ಎರಡನ್ನೂ ಓಡಿಸಿದೋರು ಇದ್ದರೆ ದಯವಿಟ್ಟು ತಿಳಿಸಿ. ಜಯನಗರ, ಬಸವನಗುಡಿ ಕಡೆಯವರಾದರೆ ನಾನೇ ಬಂದು ನೋಡ್ತೀನಿ.