ಸಹಾಯ ಬೇಕು: ಅಲ್ಯೂಮಿನಿಯಂ ದೋಣಿಗೆ ತೂತು ಕೊರೆಯದೆ ಅಂಟಲ್ಲೇ ಕ್ಲಾಂಪ್ ಕೂರಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು. ವಾಣಿವಿಲಾಸ ಸಾಗರದಲ್ಲಿ ಮೀನು ಹಿಡಿಯಲು ಅಣ್ಣ ಮತ್ತು ನಾನು 14 ಅಡಿಯ ಅಲ್ಯೂಮಿನಿಯಂ ದೋಣಿ ಇಟ್ಟುಕೊಂಡಿದ್ದೇವೆ.

ಹೋದ ವರ್ಷ ಬ್ಯಾಟರಿ ಪೆಟ್ಟಿಗೆ ಕೂರಿಸಲು ತಳಕ್ಕೆ ಡ್ರಿಲ್ ಹಾಕಿ ನಾಲ್ಕು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಿಗಿಸಿದ್ದೆವು. ಈಗ ಪ್ರತಿ ಬೋಲ್ಟಿನ ಸುತ್ತ ಬಿಳಿ ಪುಡಿ ಎದ್ದಿದೆ. ಉಗುರಲ್ಲಿ ಕೆರೆದರೆ ಹಳೇ ಸುಣ್ಣದ ಹಾಗೆ ಉದುರುತ್ತದೆ, ಕೆಳಗೆ ಸಣ್ಣ ಗುಳಿಗಳು. ಈ ಎರಡು ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಸವೆಯುವುದು ಅಲ್ಯೂಮಿನಿಯಮ್ಮೇ ಅಲ್ವಾ. ಒಂದು ತೂತಿನಿಂದ ನೀರೂ ಜಿನುಗುತ್ತಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಳೇ ತೂತುಗಳನ್ನು ವೆಲ್ಡ್ ಮಾಡಿಸುತ್ತೇವೆ. ಪೆಟ್ಟಿಗೆ ಹಿಡಿಯುವ ಹೊಸ ಕ್ಲಾಂಪನ್ನು ಎರಡು ಭಾಗ ಬೆರೆಸುವ ಅಂಟಿನಲ್ಲೇ ಕೂರಿಸುವ ಆಸೆ. ಎಪಾಕ್ಸಿ ಒಳ್ಳೆಯದಾ, ಮಿಥಾಕ್ರಿಲೇಟ್ ಒಳ್ಳೆಯದಾ? ಎಪಾಕ್ಸಿ ಗಟ್ಟಿ, ಆದರೆ ಅಲೆಯ ಏಟಿಗೆ ಬಿರುಕು ಬಿಡುತ್ತದೇನೋ ಅಂತ ಭಯ. ಅಂಟು ಜಾರುವ ಎಳೆತ ತಡೆಯುತ್ತದೆ, ಅಂಚಿನಿಂದ ಸುಲಿಯುವ ಎಳೆತಕ್ಕೆ ಸೋಲುತ್ತದೆ. ಅದಕ್ಕೇ ಕ್ಲಾಂಪಿನ ಪಾದ ಅಗಲ ಮಾಡಿಸಿದ್ದೇನೆ.

ಮರಳು ಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಗಾಳಿ ತಾಗಿ ಮೂಡುವ ಆಕ್ಸೈಡ್ ಪದರ ಮತ್ತೆ ದಪ್ಪಗಾಗುವ ಮೊದಲೇ ಅಂಟು ಹಚ್ಚಬೇಕು, ಇಷ್ಟು ಗೊತ್ತು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಅಂಟು ಬೇಗ ಗಟ್ಟಿಯಾಗಿಬಿಡುತ್ತದೆ, ಹಾಗಾಗಿ ಬೆಳಗಿನ ಜಾವ ಮಾಡೋಣ ಅಂದುಕೊಂಡಿದ್ದೇವೆ. ದೋಣಿ ಅಥವಾ ಬಸ್ ಬಾಡಿ ಕೆಲಸದಲ್ಲಿ ಇದನ್ನು ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸಣ್ಣ ಟ್ಯೂಬ್ ದಾವಣಗೆರೆಯಲ್ಲಿ ಸಿಗುತ್ತದಾ?