ಅರ್ಧ ಕರೆಂಟ್ ಹಸಿರು ಅಂತಾರೆ, ನಿಜಾನಾ? – ವಿದ್ಯುತ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜಯನಗರದಿಂದ): ಭಾರತದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲಗಳದ್ದು ಅಂತ 2025ರಲ್ಲಿ ಸರ್ಕಾರ ಹೇಳಿತು. ಹಾಗಾದರೆ ನಮ್ಮ ಮನೆಯ ಫ್ಯಾನ್ ಅರ್ಧ ಬಿಸಿಲು, ಗಾಳಿಯಿಂದಲೇ ತಿರುಗುತ್ತಿದೆಯಾ ಸಾರ್?

ಉತ್ತರ: ಸುದ್ದಿ ನಿಜ. 2030ಕ್ಕೆ ಮುಟ್ಟುತ್ತೇವೆ ಎಂದಿದ್ದ ಗುರಿಯನ್ನು 5 ವರ್ಷ ಮೊದಲೇ ಮುಟ್ಟಿದ್ದೇವೆ. ಚಿಕ್ಕ ಸಾಧನೆ ಏನಲ್ಲ. ಆದರೆ ಆ ಅರ್ಧದಲ್ಲಿ ದೊಡ್ಡ ಅಣೆಕಟ್ಟುಗಳೂ ಇವೆ, ಅಣು ವಿದ್ಯುತ್ತೂ ಇದೆ. ಅದಕ್ಕಿಂತ ಮುಖ್ಯವಾಗಿ, ಅದು ಸಾಮರ್ಥ್ಯದ ಲೆಕ್ಕ, ಅಂದರೆ ಪೂರ್ತಿ ಓಡಿದರೆ ಎಷ್ಟು ಕೊಡಬಲ್ಲವು ಅನ್ನೋದು. ನಿಜವಾಗಿ ತಯಾರಾಗುವ 100 ಯೂನಿಟ್‌ನಲ್ಲಿ ಸುಮಾರು 70 ಈಗಲೂ ಕಲ್ಲಿದ್ದಲಿನದೇ.

ಪಾವಗಡದ ಸೋಲಾರ್ ಪಾರ್ಕ್ ನೋಡಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಕಲ್ಲಿದ್ದಲಿನ ರಾಯಚೂರು ಥರ್ಮಲ್ 1,720 ಮೆಗಾವ್ಯಾಟ್. ಬೋರ್ಡ್ ಮೇಲೆ ಪಾವಗಡವೇ ದೊಡ್ಡದು. ಆದರೆ ಸಂಜೆ 7ಕ್ಕೆ ಬೆಂಗಳೂರಿನ ಎಲ್ಲ ಮನೆಯಲ್ಲೂ ಲೈಟ್, ಟಿವಿ, ಮಿಕ್ಸಿ ಶುರುವಾದಾಗ ಪಾವಗಡ ಕೊಡುವುದು ಸೊನ್ನೆ. ರಾಯಚೂರು ಹಗಲು ರಾತ್ರಿ ಓಡಬಲ್ಲದು. ಸೋಲಾರ್ ಪ್ಲಾಂಟ್ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗದ ಆಸುಪಾಸು ಕೊಟ್ಟರೆ ಚೆನ್ನಾಗಿ ಓಡಿತು ಅಂತಲೇ ಲೆಕ್ಕ.

ಗಾಳಿಯ ಕಥೆ ಬೇರೆ. ಚಿತ್ರದುರ್ಗ, ಗದಗ ಕಡೆ ಫ್ಯಾನುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರಾಗಿ ತಿರುಗುತ್ತವೆ, ರಾತ್ರಿ ಕೂಡ. ಮೋಡ ಕವಿದು ಸೋಲಾರ್ ಸೋತಾಗ ಅವು ಕೈ ಹಿಡಿಯುತ್ತವೆ. ಕಷ್ಟ ಇರುವುದು ಮಾರ್ಚ್ ಸಂಜೆಗಳಲ್ಲಿ. ಗಾಳಿ ಕಮ್ಮಿ, ಸೆಕೆ ಜಾಸ್ತಿ.

ಪ್ರಶ್ನೆ (ಅದೇ ಥ್ರೆಡ್‌ನಲ್ಲಿ ಇನ್ನೊಬ್ಬರು): ಹಗಲು ಉಳಿದದ್ದನ್ನು ಬ್ಯಾಟರಿಗೆ ತುಂಬಿದರೆ ಆಯ್ತಲ್ವಾ?

ಉತ್ತರ: ಹೊಸ ಟೆಂಡರ್‌ಗಳಲ್ಲಿ ಸೋಲಾರ್ ಜೊತೆ ಬ್ಯಾಟರಿಯನ್ನೂ ಕೇಳುತ್ತಿದ್ದಾರೆ, ಬೆಲೆಯೂ ಇಳಿಯುತ್ತಿದೆ. ಇನ್ನೊಂದು ದಾರಿ ನೀರು. ಹಗಲಿನ ಅಗ್ಗದ ಕರೆಂಟ್‌ನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಸಂಜೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಶರಾವತಿಯ 2,000 ಮೆಗಾವ್ಯಾಟ್ ಯೋಜನೆ ಇದೇ. ಅದು ಸಿಂಗಳೀಕಗಳ ಕಾಡಿನ ನಡುವೆ ಬರುವುದರಿಂದ ವಿರೋಧವೂ ಜೋರಾಗಿದೆ. ನನಗೂ ಅಲ್ಲಿ ಬೇಡ ಅನ್ನಿಸುತ್ತದೆ, ಒಣ ಗುಡ್ಡಗಳನ್ನು ಹುಡುಕಬಹುದು.

ಎಲ್ಲಕ್ಕಿಂತ ಅಗ್ಗದ ಉಪಾಯದ ಬಗ್ಗೆ ಮಾತು ಕಮ್ಮಿ. ರೈತರ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟ್ ಕೊಡಬೇಕು. ಬಿಸಿಲಿದ್ದಾಗಲೇ ಅದು ಖರ್ಚಾಗುತ್ತದೆ, ಬ್ಯಾಟರಿ ಬೇಕಿಲ್ಲ. ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವುದೂ ತಪ್ಪುತ್ತದೆ.

ಪ್ರಶ್ನೆ (ಮೊದಲು ಕೇಳಿದವರೇ): ನಮ್ಮದು 30x40 ಮನೆ. ಮೇಲೆ ಸೋಲಾರ್ ಹಾಕಿಸಲಾ? ಕರೆಂಟ್ ಹೋದಾಗ ಉಪಯೋಗ ಆಗುತ್ತೆ ಅಂತ ಆಸೆ. ಬಿಸಿಲು ಚೆನ್ನಾಗಿದೆ, ಒಂದು ತೆಂಗಿನ ಮರ ಮಾತ್ರ ಅಡ್ಡ.

ಉತ್ತರ: ಆ ಆಸೆ ಮೊದಲು ಬಿಡಿ. ಬ್ಯಾಟರಿ ಇಲ್ಲದ ಸಾಮಾನ್ಯ ಆನ್-ಗ್ರಿಡ್ (ಬೀದಿಯ ಲೈನ್‌ಗೆ ಜೋಡಿಸಿದ) ಸಿಸ್ಟಮ್, ಬೀದಿಯ ಕರೆಂಟ್ ಹೋದರೆ ತಾನೂ ಆಫ್ ಆಗುತ್ತದೆ. ಇಲ್ಲದಿದ್ದರೆ ನಿಮ್ಮ ಪ್ಯಾನಲ್‌ನ ಕರೆಂಟ್ ಲೈನ್‌ಗೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೆ ಅಪಾಯ.

ಉಳಿದಂತೆ, 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಜಾಗ ಸುಮಾರು 300 ಚದರಡಿ ಬೇಕು. ಬೆಂಗಳೂರಲ್ಲಿ ದಿನಕ್ಕೆ ಸರಾಸರಿ 12 ಯೂನಿಟ್ ನಿರೀಕ್ಷಿಸಬಹುದು. ಆದರೆ ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಹಾಕಿದ ದುಡ್ಡು ವಾಪಸ್ ಬರುವುದು ಕಷ್ಟ, ಸುಮ್ನೆ ಆತುರ ಪಡಬೇಡಿ. ತಿಂಗಳಿಗೆ 300 ಯೂನಿಟ್ ದಾಟುವವರಿಗೆ ಲಾಭ.

ಆ ಮರದ ನೆರಳು ಸಣ್ಣ ವಿಷಯ ಅಲ್ಲ. ಪ್ಯಾನಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದರ ಮೇಲೆ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಇಳಿಯಬಹುದು. ಯಾವ ದಿಕ್ಕಿನಲ್ಲಿದೆ, ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಅಂತ ಒಂದು ಫೋಟೋ ಹಾಕಿ. ನೋಡಿ ಹೇಳುತ್ತೇನೆ.