ಒಂದೇ ಹೈಡ್ರೇಂಜಿಯಾ ಕಡ್ಡಿ: ಎರಡು ನೀಲಿ, ಒಂದು ಗುಲಾಬಿ, ಒಂದಕ್ಕೆ ಹೂವೇ ಇಲ್ಲ

ಅಂಗಳದಹೂ (ಮಡಿಕೇರಿ ಹತ್ತಿರ)

ಒಂದೇ ತಾಯಿಗಿಡದ ಕಡ್ಡಿಯಿಂದ ಮಾಡಿದ ನಾಲ್ಕು ಹೈಡ್ರೇಂಜಿಯಾ ಇವೆ. ವಯಸ್ಸು ನಾಲ್ಕು ವರ್ಷ. ಕಾಫಿ ತೋಟದ ಅಂಚಿನಲ್ಲಿರುವ ಎರಡರಲ್ಲಿ ಗಾಢ ನೀಲಿ ಹೂ. ಮನೆಯ ಸಿಮೆಂಟ್ ತಳಪಾಯದಿಂದ ಒಂದೂವರೆ ಅಡಿ ದೂರದಲ್ಲಿರುವುದರಲ್ಲಿ ಮಾಸಲು ಗುಲಾಬಿ. ಅದರ ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು. ನಾಲ್ಕನೆಯದು ಆಳೆತ್ತರ ಸೊಂಪಾಗಿ ಬೆಳೆದಿದೆ, ಒಂದು ಗೊಂಚಲೂ ಇಲ್ಲ. ಅದನ್ನು ಪ್ರತಿ ಜನವರಿಯಲ್ಲಿ ಕಾಫಿ ಕಪಾತಿನ ಜೊತೆಗೇ ಮೊಣಕಾಲೆತ್ತರಕ್ಕೆ ಕತ್ತರಿಸುತ್ತೇವೆ. ಗುಲಾಬಿಯದಕ್ಕೂ ಹೂ ಬಿಡದ್ದಕ್ಕೂ ಮೇ ತಿಂಗಳಲ್ಲಿ ಒಂದು ಹಿಡಿ ರಾಕ್ ಫಾಸ್ಫೇಟ್, ಒಂದು ಹಿಡಿ ಯೂರಿಯಾ ಹಾಕುವ ರೂಢಿ. ನಾಲ್ಕನ್ನೂ ನೀಲಿ ಮಾಡಲು ಆಗುತ್ತದಾ? ಕಪಾತು ಯಾವಾಗ? ಈ ಮಳೆಯಲ್ಲೇ ಕಡ್ಡಿ ನೆಡಬಹುದಾ?

ಕೆಂಪುಮಣ್ಣು

ನಿಮ್ಮ ತಳಿ ಬಣ್ಣ ಬದಲಿಸುವ ಜಾತಿಯದು, ಹಾಗಾಗಿ ಮಣ್ಣು ಹೇಳಿದಂತೆ ಹೂ ಕೇಳುತ್ತದೆ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿನ ಬಣ್ಣದ ಅಂಶದ ಜೊತೆ ಸೇರಿದಾಗ ನೀಲಿ. 6.5 ದಾಟಿತೆಂದರೆ ಅಲ್ಯೂಮಿನಿಯಂ ಮಣ್ಣಲ್ಲೇ ಗಟ್ಟಿಯಾಗಿ ಕೂರುತ್ತದೆ, ಹೂ ಗುಲಾಬಿ. ನಡುವೆ ಇದ್ದರೆ ನೇರಳೆ, ಇಲ್ಲವೇ ಒಂದೇ ಗೊಂಚಲಲ್ಲಿ ಎರಡೂ ಛಾಯೆ. ಬಿಳಿ ಹೂವಿನ ತಳಿಗೆ ಇದು ಅನ್ವಯಿಸುವುದಿಲ್ಲ, ಏನು ಹಾಕಿದರೂ ನೀಲಿ ಆಗದು.

ನಮ್ಮ ಕಡೆ ಸುರಿಯುವ ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ಹುಳಿಯಾಗುತ್ತದೆ. ಕಾಫಿಗೆ ಸುಣ್ಣ ಹಾಕುವುದೇ ಅದಕ್ಕೆ. ಅಂಚಿನ ಎರಡು ಗಿಡ ನೀಲಿಯಾದದ್ದೂ ಅದರಿಂದಲೇ. ತಳಪಾಯದ ಬದಿಯಲ್ಲಿ ಸಿಮೆಂಟು, ಗಾರೆ, ಗೋಡೆಗೆ ಬಳಿದ ಸುಣ್ಣ ಎಲ್ಲ ಮಳೆನೀರಿನ ಜೊತೆ ಬುಡಕ್ಕೆ ಇಳಿಯುತ್ತವೆ. ಮನೆ ಕಟ್ಟಿದಾಗ ಉಳಿದ ಗಾರೆ ಚೂರು ಅಲ್ಲೇ ಹೂತಿರುವುದೂ ಸಾಮಾನ್ಯ, ಅರ್ಧ ಅಡಿ ಅಗೆದು ನೋಡಿ. ಎಲೆ ಹಳದಿಯಾಗಿ ನರ ಹಸಿರು ಉಳಿಯುವುದಕ್ಕೂ ಇದೇ ಕಾರಣ: ಸುಣ್ಣ ಹೆಚ್ಚಾದ ಮಣ್ಣಲ್ಲಿ ಕಬ್ಬಿಣ ಬೇರಿಗೆ ಸಿಗದು.

ರಾಕ್ ಫಾಸ್ಫೇಟ್ ಇದರ ಮೇಲೆ ಇನ್ನೊಂದು ಹೊಡೆತ. ಅದರಲ್ಲಿ ಸುಣ್ಣದಂಶವೂ ಇದೆ, ರಂಜಕವೂ ಇದೆ. ರಂಜಕ ಅಲ್ಯೂಮಿನಿಯಂ ಅನ್ನು ಹಿಡಿದಿಡುತ್ತದೆ. ನೀಲಿ ಬೇಕಾದ ಗಿಡಕ್ಕೆ ರಾಕ್ ಫಾಸ್ಫೇಟ್, ಎಲುಬಿನ ಪುಡಿ, ಸೂಪರ್ ಫಾಸ್ಫೇಟ್, ಒಲೆಬೂದಿ ಯಾವುದೂ ಬೇಡ. ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಸ್ವಲ್ಪ ಪೊಟ್ಯಾಷ್ ಸಾಕು. ಸಾರಜನಕಕ್ಕೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ 20 ಗ್ರಾಂ ಕೊಡಿ, ಮಣ್ಣನ್ನು ಹುಳಿಯಾಗಿಯೇ ಇಡುತ್ತದೆ.

ಪಿಎಚ್ ನೋಡದೆ ಏನೂ ಸುರಿಯಬೇಡಿ. ಕಾಫಿಗೆ ಮಣ್ಣು ಪರೀಕ್ಷೆಗೆ ಕೊಡುವಾಗ ಈ ಎರಡು ಜಾಗದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಕೊಡಿ.

ಗೋಡೆ ಬದಿಯದನ್ನು ನೀಲಿ ಮಾಡಲೇಬೇಕೆಂದರೆ 4 ಲೀಟರ್ ನೀರಿಗೆ 15 ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಮೊದಲು ಸಾದಾ ನೀರು ಹಾಕಿ ಮಣ್ಣು ನೆನೆಸಿದ ಮೇಲೆ ಬುಡಕ್ಕೆ ಹೊಯ್ಯಿರಿ. ತಿಂಗಳಿಗೊಮ್ಮೆ, ಮೊಗ್ಗು ಕಾಣುವ ಮೊದಲೇ ಶುರು ಮಾಡಬೇಕು. ಒಣ ಮಣ್ಣಿಗೆ ಹೊಯ್ದರೆ ಬೇರು ಸುಡುತ್ತದೆ. ಅರಳಿದ ಹೂವಿನ ಬಣ್ಣ ಬದಲಾಗುವುದಿಲ್ಲ, ಮುಂದಿನ ಸಲಕ್ಕೇ.

ಬೇಲಿಸಾಲು

ನಾಲ್ಕನೆಯ ಗಿಡದ ತೊಂದರೆ ಕತ್ತರಿಯದು, ಗೊಬ್ಬರದ್ದಲ್ಲ. ಈ ಹೈಡ್ರೇಂಜಿಯಾ ಹಿಂದಿನ ವರ್ಷ ಬೆಳೆದ ರೆಂಬೆಯ ತುದಿಯಲ್ಲಿ ಹೂಮೊಗ್ಗು ಕಟ್ಟುತ್ತದೆ. ಚಳಿ ಹತ್ತಿ, ಉಷ್ಣತೆ 18 ಡಿಗ್ರಿ ಆಸುಪಾಸಿಗೆ ಇಳಿದು ಕೆಲವು ವಾರ ಹಾಗೇ ಇದ್ದಾಗ ತುದಿಯಲ್ಲಿ ಮೊಗ್ಗು ಒಳಗೊಳಗೇ ರೂಪುಗೊಳ್ಳುತ್ತದೆ. ಮಡಿಕೇರಿಯ ನವೆಂಬರ್‌ನಿಂದ ಜನವರಿ ಅದಕ್ಕೆ ಹೇಳಿ ಮಾಡಿಸಿದ ಕಾಲ. ಜನವರಿಯಲ್ಲಿ ನೀವು ಕತ್ತರಿಸಿ ಎಸೆಯುವುದು ಕಣ್ಣಿಗೆ ಬರೀ ಕಡ್ಡಿ, ನಿಜದಲ್ಲಿ ಆ ವರ್ಷದ ಅಷ್ಟೂ ಹೂ. ಕಾಫಿ ಕಪಾತಿನ ಲೆಕ್ಕ ಇದಕ್ಕೆ ಹಿಡಿಯಬೇಡಿ.

ಮಳೆಗಾಲದ ಹೂ ಬಾಡುತ್ತಿದ್ದ ಹಾಗೆ, ತಡವಾದರೂ ಸೆಪ್ಟೆಂಬರ್ ಕೊನೆಯೊಳಗೆ ಕಪಾತು ಮುಗಿಯಬೇಕು. ಬಾಡಿದ ಗೊಂಚಲಿನಿಂದ ಕೆಳಕ್ಕೆ ಬನ್ನಿ, ಎದುರುಬದುರು ಎರಡು ದಪ್ಪ ಕಣ್ಣು ಸಿಗುತ್ತವೆ. ಅದರ ಅರ್ಧ ಅಂಗುಲ ಮೇಲೆ ಕತ್ತರಿಸಿ. ಜೊತೆಗೆ ತೀರ ಹಳೆಯ, ಬೂದು ತೊಗಟೆಯ ರೆಂಬೆಗಳಲ್ಲಿ ಮೂರರಲ್ಲೊಂದನ್ನು ನೆಲಮಟ್ಟಕ್ಕೆ ತೆಗೆಯಿರಿ. ಹೀಗೆ ಮೂರು ವರ್ಷಕ್ಕೆ ಪೊದೆ ಹೊಸದಾಗುತ್ತದೆ, ಒಂದು ವರ್ಷವೂ ಹೂ ತಪ್ಪುವುದಿಲ್ಲ.

ಯೂರಿಯಾ ಪೂರ್ತಿ ನಿಲ್ಲಿಸಿ. ಆಳೆತ್ತರದ ಸೊಪ್ಪು ಅದರ ಕೊಡುಗೆ.

ತರಗೆಲೆ

ಮೇಲೆ ಹೇಳಿದ್ದರಲ್ಲಿ ಅಲ್ಯೂಮಿನಿಯಂ ಸಲ್ಫೇಟ್ ವಿಷಯ ಒಪ್ಪಲಾರೆ. ನಮ್ಮ ಕೆಂಪು ಮಣ್ಣಲ್ಲಿ ಅಲ್ಯೂಮಿನಿಯಂ ಬೇಕಾದಷ್ಟಿದೆ, ಹೊರಗಿನಿಂದ ತರುವ ಅಗತ್ಯ ಇಲ್ಲ. ಅಡ್ಡಿ ಇರುವುದು ಸುಣ್ಣ. ಗೋಡೆಯಿಂದ ಸುಣ್ಣ ಇಳಿಯುತ್ತಲೇ ಇರುವಾಗ ಪ್ರತಿ ವರ್ಷ ಸಲ್ಫೇಟ್ ಹೊಯ್ಯುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಗಿಡವನ್ನೇ ಕಿತ್ತು ತೋಟದ ಅಂಚಿಗೆ ಹಾಕಿ. ಅಥವಾ ಅಲ್ಲೇ ಗುಲಾಬಿಯಾಗಿ ಇರಲಿ. ಕಬ್ಬಿಣದ ಕೊರತೆ ಸರಿಪಡಿಸಿದರೆ ಎಲೆಯ ಹಳದಿ ಹೋಗಿ ಹಸಿರಾಗುತ್ತದೆ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಒಂದು ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಿ, ತುಕ್ಕಿನ ಕಲೆ ಹೋಗುವುದಿಲ್ಲ.

ಅಂಗಳದಹೂ

ಎಲ್ಲರಿಗೂ ಧನ್ಯವಾದ. ಗೋಡೆ ಬದಿಯದನ್ನು ಸ್ಥಳ ಬದಲಿಸುವುದೇ ಸರಿ ಅನಿಸಿತು. ಈಗಲೇ ಕೀಳಬಹುದಾ? ಕಡ್ಡಿಯ ವಿಷಯವೂ ಹೇಳಿ.

ಬೇಲಿಸಾಲು

ಈಗ ಬೇಡ. ಜುಲೈ ಮಳೆಯಲ್ಲಿ ಅಗೆದ ಮಣ್ಣು ಕೆಸರಾಗಿ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಕಪಾತು ಮಾಡಿ, ಅದೇ ವಾರ ಸ್ಥಳಾಂತರಿಸಿ. ಇದರ ಬೇರು ಆಳಕ್ಕೆ ಹೋಗದೆ ಮೇಲ್ಮಣ್ಣಲ್ಲೇ ಹರಡುತ್ತದೆ, ಆದ್ದರಿಂದ ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಹೆಂಟೆ ಸಹಿತ ಎತ್ತಿ. ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಆರಿಸಿ. ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲೆ ನೆಟ್ಟು, ಬುಡಕ್ಕೆ ಮೂರು ಅಂಗುಲ ತರಗೆಲೆ ಮುಚ್ಚಿ, ಕಾಂಡಕ್ಕೆ ತಾಗದಿರಲಿ. ನವೆಂಬರ್‌ನಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ) ಬರುವವರೆಗೆ ವಾರಕ್ಕೆರಡು ಸಲ ನೀರು. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಹೊಯ್ಯಬೇಡಿ. ಸಂಜೆಗೆ ನೆಟ್ಟಗಾದರೆ ಅದು ಬಿಸಿಲಿಗೆ ಬಾಡಿದ್ದಷ್ಟೇ.

ಕಡ್ಡಿ ಈಗಲೇ ಮಾಡಬಹುದು, ಆದರೆ ಸೂರಿನಡಿ, ನೇರ ಮಳೆ ಬೀಳದಲ್ಲಿ. ಹೂ ಬಿಡದ ಈ ವರ್ಷದ ಚಿಗುರಲ್ಲಿ ಎರಡು ಗೆಣ್ಣಿರುವ ನಾಲ್ಕೈದು ಅಂಗುಲದ ತುಂಡು ತೆಗೆದು, ಕೆಳಗಿನ ಎಲೆ ಕಿತ್ತು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಕೆಳಗಿನ ಗೆಣ್ಣು ಹೂಳುವಂತೆ ನೆಡಿ. ಮೂರು ನಾಲ್ಕು ವಾರಕ್ಕೆ ಬೇರು. ಬುಡ ಕಪ್ಪಾದ ಕಡ್ಡಿಯನ್ನು ಕೂಡಲೇ ತೆಗೆಯಿರಿ, ಪಕ್ಕದ್ದಕ್ಕೂ ಹಬ್ಬುತ್ತದೆ.

ಕತ್ತರಿಸಿದ ಸೊಪ್ಪನ್ನು ಕೊಟ್ಟಿಗೆ ಕಡೆ ಎಸೆಯಬೇಡಿ, ದನ ತಿಂದರೆ ವಿಷ.